ಹಳಿ ತಪ್ಪದ ಅಪರಾಧಿ

ಕೋಲ್ಕತ್ತದ ಟ್ರಾಮಿನ ಮೇಲೆ ಇರುವ ಆರೋಪಗಳನ್ನು ಕೇಳಿದರೆ ಅದು ಸಾಮಾನ್ಯ ಆಸಾಮಿಯಲ್ಲ ಅನ್ನಿಸುತ್ತದೆ. ನಿಧಾನವಾಗಿ ಹೋಗುತ್ತದೆ. ದಾರಿಗೆ ಅಡ್ಡ ಇರುತ್ತದೆ. ಹಿಂದಿನಿಂದ ಎಷ್ಟು ಹಾರ್ನ್ ಹೊಡೆದರೂ ಪಕ್ಕಕ್ಕೆ ಸರಿಯುವುದಿಲ್ಲ. ಮೂರೂ ನಿಜ. ಸಿಗ್ನಲ್ ಬಳಿ ಎಡಗಡೆಯಿಂದ ನುಗ್ಗಿ ಬಲಕ್ಕೆ ತಿರುಗುವ ಕಲೆ ಅದಕ್ಕೆ ಕೊನೆಗೂ ಒಲಿಯಲಿಲ್ಲ. ಮಿಠಾಯಿ ಅಂಗಡಿಯ ಮುಂದೆ ಇಂಡಿಕೇಟರ್ ಮಿನುಗಿಸುತ್ತ ‘ಎರಡೇ ನಿಮಿಷ’ ಎಂದು ಅರ್ಧ ಗಂಟೆ ನಿಂತದ್ದೂ ಇಲ್ಲ. ಎಳೆದ ಗೆರೆಯ ಮೇಲೆಯೇ ಹೋಗುತ್ತೇನೆಂದು ಹಟ ಹಿಡಿದವರಿಗೆ ಭಾರತದ ರಸ್ತೆಯಲ್ಲಿ ಭವಿಷ್ಯವಿಲ್ಲ ಎಂಬುದು ಪಶ್ಚಿಮ ಬಂಗಾಳ ಸರ್ಕಾರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಖಚಿತವಾಯಿತು. ಮೈದಾನದಿಂದ ಎಸ್‌ಪ್ಲನೇಡ್‌ವರೆಗಿನ ಒಂದು ತುಣುಕನ್ನು ಪಾರಂಪರಿಕ ಸವಾರಿಗೆ ಉಳಿಸಿಕೊಂಡು ಮಿಕ್ಕ ಟ್ರಾಮುಗಳನ್ನೆಲ್ಲ ನಿಲ್ಲಿಸುವುದಾಗಿ ಸಾರಿಗೆ ಸಚಿವ ಸ್ನೇಹಾಶಿಸ್ ಚಕ್ರವರ್ತಿ ಘೋಷಿಸಿದರು.

ಕಾರಣ ಸರಳ. ಕೋಲ್ಕತ್ತದ ಒಟ್ಟು ನೆಲದಲ್ಲಿ ರಸ್ತೆಯ ಪಾಲು ಶೇ 6ರಷ್ಟು ಮಾತ್ರ. ಇಷ್ಟು ಕಿರಿದಾದ ಜಾಗದಲ್ಲಿ ಟ್ರಾಮಿಗೂ ಪಾಲು ಕೊಟ್ಟರೆ ಉಳಿದವರು ಎಲ್ಲಿಗೆ ಹೋಗಬೇಕು? ಈ ತರ್ಕವನ್ನು ಎರಡು ಸಲ ಓದಬೇಕು; ಒಂದೇ ಸಲಕ್ಕೆ ಅದರ ಸೊಗಸು ಸಿಗುವುದಿಲ್ಲ. ಜಾಗ ಕಡಿಮೆ ಇದೆ. ಆದ್ದರಿಂದ ನೂರಕ್ಕೂ ಹೆಚ್ಚು ಜನರನ್ನು ಒಂದೇ ಡಬ್ಬಿಯಲ್ಲಿ ತುಂಬಿಕೊಂಡು ಹೋಗುವ ಗಾಡಿಯನ್ನು ಮೊದಲು ತೆಗೆಯೋಣ. ಆ ನೂರು ಜನರೂ ತಮತಮಗೊಂದು ವಾಹನ ಕೊಂಡು ಅದೇ ಶೇ 6ರೊಳಗೆ ಆರಾಮಾಗಿ ಓಡಾಡಲಿ.

ಸಾಯುವ ಅಭ್ಯಾಸ ಈ ಟ್ರಾಮಿಗೆ ಮೊದಲಿನಿಂದಲೂ ಉಂಟು. 1873ರ ಫೆಬ್ರುವರಿ 24ರಂದು ಸಿಯಾಲ್ದಾದಿಂದ ಅರ್ಮೇನಿಯನ್ ಘಾಟ್‌ವರೆಗೆ ಕುದುರೆ ಎಳೆಯುವ ಟ್ರಾಮು ಹೊರಟಿತು. ಹತ್ತುವವರಿಲ್ಲದೆ ಆ ವರ್ಷದ ನವೆಂಬರ್‌ನಲ್ಲೇ ನಿಂತಿತು. 1880ರಲ್ಲಿ ಲಂಡನ್ನಿನಲ್ಲಿ ನೋಂದಣಿಯಾದ ಕಲ್ಕತ್ತಾ ಟ್ರಾಮ್‌ವೇಸ್ ಕಂಪನಿ ಅದಕ್ಕೆ ಮರುಜೀವ ಕೊಟ್ಟಿತು. ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕಂಪನಿಯ ಬಳಿ ಸುಮಾರು ಸಾವಿರ ಕುದುರೆಗಳಿದ್ದವು. ಬಂಗಾಳದ ಬೇಸಗೆಯಲ್ಲಿ ಅವು ಬಸವಳಿದು ಬೀಳುತ್ತಿದ್ದವು. 1902ರ ಮಾರ್ಚ್ 27ರಂದು ಎಸ್‌ಪ್ಲನೇಡ್‌ನಿಂದ ಖಿದಿರ್‌ಪುರಕ್ಕೆ ಮೊದಲ ವಿದ್ಯುತ್ ಟ್ರಾಮು ಓಡಿತು. ಹೊಗೆಯಿಲ್ಲ, ಲದ್ದಿಯಿಲ್ಲ, ತಲೆಯ ಮೇಲೊಂದು ತಂತಿ. ಇಂದು ‘ಎಲೆಕ್ಟ್ರಿಕ್ ವಾಹನ ಕ್ರಾಂತಿ’ ಎಂದು ಸಬ್ಸಿಡಿ ಕೊಟ್ಟು ಕರೆತರುತ್ತಿರುವುದನ್ನು ಆ ಊರು 120 ವರ್ಷ ಹಿಂದೆಯೇ ಮಾಡಿ ಮುಗಿಸಿತ್ತು. ತಪ್ಪು ನಡೆದದ್ದೂ ಅಲ್ಲೇ. ಕ್ರಾಂತಿಗೆ ಅಷ್ಟು ಬೇಗ ಬಂದವರಿಗೆ ಸಬ್ಸಿಡಿ ಸಿಗುವುದಿಲ್ಲ.

ಆ ಟ್ರಾಮಿಗೆ ಒಂದು ಕಾಲದಲ್ಲಿ ಎಷ್ಟು ಬೆಲೆಯಿತ್ತೆಂದರೆ, 1953ರ ಜುಲೈನಲ್ಲಿ ಎರಡನೇ ದರ್ಜೆಯ ಟಿಕೆಟ್ಟಿಗೆ ಒಂದೇ ಒಂದು ಪೈಸೆ ಏರಿಸಿದ್ದಕ್ಕೆ ಊರಿಗೆ ಊರೇ ಬೀದಿಗಿಳಿಯಿತು. ಜನ ಟ್ರಾಮುಗಳಿಗೆ ಬೆಂಕಿಯಿಟ್ಟರು, ಪೊಲೀಸರು ಗುಂಡು ಹಾರಿಸಿದರು, ಕಡೆಗೆ ಏರಿಕೆ ರದ್ದಾಯಿತು. ಬೆಂಕಿಯಿಟ್ಟದ್ದನ್ನು ಯಾರೂ ಮೆಚ್ಚಬೇಕಾಗಿಲ್ಲ. ಆದರೆ ಒಂದನ್ನು ಗಮನಿಸಬೇಕು: ಟ್ರಾಮು ತಮ್ಮದು ಅಂದುಕೊಂಡ ಜನ ಅದನ್ನು ಸುಟ್ಟಾಗ ಅದು ಮತ್ತೆ ಎದ್ದು ಓಡಿತು. ಟ್ರಾಮನ್ನು ತುಂಬಾ ಪ್ರೀತಿಸುತ್ತೇವೆ ಎನ್ನುವವರ ಕೈಗೆ ಸಿಕ್ಕ ಮೇಲೆ ಅದು ಏಳಲಿಲ್ಲ.

ಪ್ರೀತಿಯಿಂದ ಕೊಲ್ಲುವುದಕ್ಕೂ ಒಂದು ಕ್ರಮವಿದೆ. ಬೇರೆ ಊರಿನ ಆಡಳಿತಗಾರರಿಗೆ ಉಪಯೋಗವಾಗಲೆಂದು ಅದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದಾಗಿ, ಕೊಲ್ಲಬೇಕಾದುದನ್ನು ರಾಷ್ಟ್ರೀಕರಣ ಮಾಡಬೇಕು. 1967ರಲ್ಲಿ ಸರ್ಕಾರ ಟ್ರಾಮಿನ ಆಡಳಿತವನ್ನು ವಹಿಸಿಕೊಂಡಿತು, 1976ರಲ್ಲಿ ಪೂರ್ತಿ ಒಡೆತನವನ್ನೇ ಪಡೆಯಿತು. ಎಂಬತ್ತರ ದಶಕದಲ್ಲಿ ಮಾತ್ರ ಯಾರೋ ಮೈಮರೆತಿರಬೇಕು: ಉಲ್ಟಾಡಾಂಗಾ ಕಡೆಗೂ ಜೋಕಾ ಕಡೆಗೂ ಹೊಸ ಹಳಿ ಹಾಕಿ ಮಾರ್ಗ ವಿಸ್ತರಿಸಿಬಿಟ್ಟರು. ಆ ಪ್ರಮಾದವನ್ನು ಸರಿಪಡಿಸಲು 1992ರಲ್ಲಿ ಟ್ರಾಮ್ ಕಂಪನಿಯ ಕೈಯಲ್ಲೇ ಬಸ್ಸು ಓಡಿಸಲು ಶುರುಮಾಡಿಸಲಾಯಿತು. ಅಂದಿನಿಂದ ಟ್ರಾಮಿಗೆ ಪ್ರತಿಸ್ಪರ್ಧಿಯನ್ನು ಹೊರಗೆ ಹುಡುಕುವ ತೊಂದರೆ ತಪ್ಪಿತು.

ಎರಡನೆಯದು ಬಹು ಮುಖ್ಯ: ಅದರ ದಾರಿಯನ್ನು ಕಿತ್ತುಕೊಳ್ಳಬೇಕು. ಹಿಂದೆ ಅನೇಕ ಕಡೆ ಟ್ರಾಮಿಗೆ ರಸ್ತೆಯ ನಡುವೆ ತನ್ನದೇ ಪ್ರತ್ಯೇಕ ಪಟ್ಟಿಯಿತ್ತು. ಅಕ್ಕಪಕ್ಕ ಏನೇ ಜಾಮ್ ಆಗಿರಲಿ, ಟ್ರಾಮು ಗಂಟೆ ಬಾರಿಸಿಕೊಂಡು ಸಾಗುತ್ತಿತ್ತು. ಜಾಮಿನಲ್ಲಿ ಕೂತ ಕಾರಿನವರಿಗೆ ಅದನ್ನು ನೋಡಿ ಆಗುತ್ತಿದ್ದ ಮನೋವೇದನೆ ಯಾರಿಗೂ ಬೇಡ. ಆಧುನೀಕರಣದ ಹೆಸರಲ್ಲಿ ಆ ಪಟ್ಟಿಗಳನ್ನು ರಸ್ತೆಮಟ್ಟಕ್ಕೆ ತಂದು ಕಾಂಕ್ರೀಟ್ ಹಾಕಿ ಎಲ್ಲ ವಾಹನಗಳಿಗೂ ಬಿಟ್ಟುಕೊಟ್ಟರು. ಈಗ ಹಳಿಯ ಮೇಲೆ ಕಾರು ನಿಂತಿರುತ್ತದೆ, ಕಾರಿನ ಹಿಂದೆ ಟ್ರಾಮು ನಿಂತಿರುತ್ತದೆ, ಟ್ರಾಮಿನ ಹಿಂದಿನ ಕಾರಿನವನು ‘ಈ ಟ್ರಾಮಿನಿಂದಲೇ ಜಾಮು’ ಎಂದು ಗೊಣಗುತ್ತಾನೆ. ಕೋತಿ ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿದ ಗಾದೆಯಲ್ಲಿ ಮೇಕೆ ಸುಮ್ಮನೆ ಮೂಲೆಯಲ್ಲಿ ನಿಂತಿತ್ತು. ಇಲ್ಲಿ ಮೇಕೆಯನ್ನು ಹಳಿಗೆ ಕಟ್ಟಿಹಾಕಿ ಒರೆಸಿದ್ದಾರೆ. ಹತ್ತುವವರ ಪಾಡೂ ಬದಲಾಯಿತು. ಬದಿಯಲ್ಲಿ ಬಸ್ಸು, ಆಟೊ, ಬೈಕುಗಳ ಪ್ರವಾಹ. ಟ್ರಾಮು ಮಾತ್ರ ನಡುರಸ್ತೆಯಲ್ಲಿ. ಮಂಡಿನೋವಿನ ಅಜ್ಜಿ ಆ ಪ್ರವಾಹ ದಾಟಿ ಹತ್ತಬೇಕು. ಆಕೆ ಹತ್ತದೆ ಮನೆಯಲ್ಲೇ ಉಳಿದ ದಿನ ಕಡತದಲ್ಲಿ ಬರೆಯಬಹುದು: ‘ಟ್ರಾಮಿಗೆ ಬೇಡಿಕೆ ಇಲ್ಲ.’

ಮೂರನೆಯದಾಗಿ, ಏನೇ ಕಾಮಗಾರಿ ಬಂದರೂ ಮೊದಲು ಟ್ರಾಮನ್ನು ‘ತಾತ್ಕಾಲಿಕವಾಗಿ’ ನಿಲ್ಲಿಸಬೇಕು. ಹೌರಾ ಸೇತುವೆಗೆ ಭಾರವಾಯಿತೆಂದು ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿಂದ ಟ್ರಾಮನ್ನು ಇಳಿಸಿದರು. 2018ರಲ್ಲಿ ಮಾಜೆರ್‌ಹಾಟ್ ಸೇತುವೆ ಕುಸಿಯಿತು; ಮಿಕ್ಕ ಸೇತುವೆಗಳ ಮೇಲಿನ ಹೊರೆ ತಗ್ಗಿಸುವ ಮಾತು ಬಂದಾಗ ಅಧಿಕಾರಿಗಳ ಕಣ್ಣು ಮತ್ತೆ ಟ್ರಾಮಿನ ಮೇಲೆಯೇ ಬಿತ್ತು. ಜೋಕಾ ಮಾರ್ಗದ್ದು ಇನ್ನೂ ಚಂದ. ಮೆಟ್ರೊ ಬರುತ್ತದೆಂದು 2011ರಲ್ಲಿ ಅಲ್ಲಿ ಟ್ರಾಮು ನಿಲ್ಲಿಸಿದರು. ಮೆಟ್ರೊ ಬಂತು, 2022ರ ಡಿಸೆಂಬರ್ ಕೊನೆಗೆ, ಜೋಕಾದಿಂದ ತಾರಾತಲಾವರೆಗೆ ಆರೂವರೆ ಕಿಲೋಮೀಟರ್. ನಡುವಿನ ಹನ್ನೊಂದು ವರ್ಷ ಜೋಕಾದವರು ಏಳುತ್ತಿರುವ ಕಂಬಗಳನ್ನು ನೋಡಿಕೊಂಡು ಅಭಿವೃದ್ಧಿಯ ಸುಖ ಅನುಭವಿಸಿದರು. 2020ರ ಮೇ ತಿಂಗಳಲ್ಲಿ ಅಂಫಾನ್ ಚಂಡಮಾರುತ ಬೀಸಿ ತಂತಿ, ಕಂಬ ಕೆಡವಿತು. ಖಿದಿರ್‌ಪುರದ ಮಾರ್ಗ, ಅಂದರೆ 1902ರಲ್ಲಿ ಮೊದಲ ವಿದ್ಯುತ್ ಟ್ರಾಮು ಓಡಿದ ದಾರಿ, ಆಮೇಲೆ ಏಳಲೇ ಇಲ್ಲ. ಪರಂಪರೆಗೆಂದು ಉಳಿಸುತ್ತೇವೆ ಎಂದ ತುಣುಕು ಇದೇ ದಾರಿಯದ್ದು. ಓಡುತ್ತಿರುವುದನ್ನು ನಿಲ್ಲಿಸಿ, ನಿಂತುಹೋದದ್ದನ್ನು ಉಳಿಸಿಕೊಳ್ಳುವುದಕ್ಕೆ ಬಹಳ ದೂರದೃಷ್ಟಿ ಬೇಕು.

ನಾಲ್ಕನೆಯದು ಜಮೀನು. ಟ್ರಾಮ್ ಡಿಪೊಗಳು ಊರಿನ ನಟ್ಟನಡುವೆ, ಟಾಲಿಗಂಜ್, ಬೆಲ್‌ಗಾಛಿಯಾದಂಥ ಕಡೆ ಇವೆ. ಟ್ರಾಮು ಮಲಗುವ ಜಾಗದಲ್ಲಿ ಮಹಡಿಮನೆ ಎದ್ದರೆ ಎಷ್ಟು ಬರುತ್ತದೆ ಎಂಬ ಲೆಕ್ಕ ಯಾರಿಗಾದರೂ ಹೊಳೆಯುತ್ತದೆ, ಸರ್ಕಾರಕ್ಕೂ ಹೊಳೆಯಿತು. ಡಿಪೊ ಜಮೀನುಗಳು ದೀರ್ಘಾವಧಿ ಗುತ್ತಿಗೆಗೆ ಹೊರಟವು. ಟ್ರಾಮು ನಷ್ಟದಲ್ಲಿದೆ ಎನ್ನುವವರು ಪೂರ್ತಿ ಸುಳ್ಳು ಹೇಳುವುದಿಲ್ಲ. ಅದು ಓಡಿದರೆ ನಷ್ಟ, ಮಲಗದಿದ್ದರೆ ಲಾಭ.

ಈ ನಾಲ್ಕನ್ನೂ ಶ್ರದ್ಧೆಯಿಂದ ಮಾಡಿದರೆ ಫಲ ತಾನಾಗಿ ಸಿಗುತ್ತದೆ. 2011ರ ಸುಮಾರಿಗೆ 37 ಇದ್ದ ಮಾರ್ಗಗಳು 2024ರ ಹೊತ್ತಿಗೆ ಎರಡೋ ಮೂರೋ ಆದವು. ಇದರಲ್ಲಿ ಪಕ್ಷಭೇದ ಹುಡುಕಬಾರದು. ಕೆಂಪು ಬಾವುಟದವರು ಆರಂಭಿಸಿದ್ದನ್ನು ತೃಣಮೂಲದವರು ಮುಂದುವರಿಸಿದರು. ಬಂಗಾಳದ ರಾಜಕೀಯದಲ್ಲಿ ಇಷ್ಟು ಸೌಹಾರ್ದ ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಸರ್ಕಾರ ಟ್ರಾಮನ್ನು ಮರೆತಿತ್ತು ಅಂದರೆ ಅನ್ಯಾಯವಾಗುತ್ತದೆ. 2014ರಲ್ಲಿ ಎಸ್‌ಪ್ಲನೇಡ್‌ನಲ್ಲಿ ಹಳೆಯ ಟ್ರಾಮಿನೊಳಗೆ ‘ಸ್ಮರಣಿಕಾ’ ಎಂಬ ಮ್ಯೂಸಿಯಂ ತೆರೆಯಿತು. 2020ರಲ್ಲಿ ಶ್ಯಾಮ್‌ಬಜಾರ್ ಮಾರ್ಗದ ಟ್ರಾಮಿನಲ್ಲಿ ಗ್ರಂಥಾಲಯ ಬಂತು. ಆಮೇಲೆ ಗರಿಯಾಹಾಟ್ ಡಿಪೊದಲ್ಲಿ ‘ಟ್ರಾಮ್ ವರ್ಲ್ಡ್’. 2023ರಲ್ಲಿ 150ನೇ ವರ್ಷದ ಸಂಭ್ರಮ: ಹಳೆಯ ಟ್ರಾಮುಗಳ ಮೆರವಣಿಗೆ, ಹೂವು, ಬಲೂನು, ಭಾಷಣ. ಮುಂದಿನ ವರ್ಷವೇ ವಿದಾಯದ ಘೋಷಣೆ. ಓದಲು ಟ್ರಾಮು, ನೋಡಲು ಟ್ರಾಮು, ಚಹಾ ಹೀರಲು ಟ್ರಾಮು. ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋಗುತ್ತೇನೆ ಎಂಬ ಅಸಂಸ್ಕೃತ ಬೇಡಿಕೆ ಒಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅದು ಈಡೇರಿಸುತ್ತಿತ್ತು.

ಈ ಪುಣ್ಯಕಾರ್ಯದಲ್ಲಿ ಭಾವುಕ ನಾಗರಿಕರ ಪಾಲೂ ದೊಡ್ಡದು. ಸತ್ಯಜಿತ್ ರಾಯ್ ಅವರ ‘ಮಹಾನಗರ’ (1963) ಆರಂಭವಾಗುವುದೇ ತಂತಿಗೆ ತಾಗಿ ಕಿಡಿ ಹಾರಿಸುವ ಟ್ರಾಮಿನ ಕೊಂಬಿನಿಂದ. ಆ ಚಿತ್ರದಲ್ಲಿ ಟ್ರಾಮು ದಿನನಿತ್ಯದ ದುಡಿಮೆಗೆ ಹೋಗುವವರ ಗಾಡಿ. ಇಂದಿನ ಅಭಿಮಾನಿಗೆ ಅದು ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವ ಹಿನ್ನೆಲೆ. ಅವನು ಓಲಾದಲ್ಲಿ ಬಂದು ಇಳಿಯುತ್ತಾನೆ, ಟ್ರಾಮಿನ ಮುಂದೆ ನಿಲ್ಲುತ್ತಾನೆ, ‘ನನ್ನ ಊರಿನ ಆತ್ಮ’ ಎಂದು ಬರೆದು ಹಾಕುತ್ತಾನೆ, ಓಲಾದಲ್ಲೇ ಹೊರಡುತ್ತಾನೆ. ನಿಜವಾಗಿ ದಿನವೂ ಹತ್ತುತ್ತಿದ್ದವರು ಏಳು ರೂಪಾಯಿಯ ಟಿಕೆಟ್ಟಿನವರು. ಊರಿನ ಆತ್ಮದ ಬಗ್ಗೆ ಬರೆಯಲು ಅವರಿಗೆ ಪುರುಸೊತ್ತಿರಲಿಲ್ಲ, ಕೆಲಸಕ್ಕೆ ಹೊತ್ತಾಗುತ್ತಿತ್ತು.

ನಡುವೆ ರಸಭಂಗ ಮಾಡಿದ್ದು ನ್ಯಾಯಾಲಯ. ಟ್ರಾಮ್ ಪ್ರೇಮಿಗಳ ಅರ್ಜಿಯ ಮೇಲೆ ಕಲ್ಕತ್ತಾ ಹೈಕೋರ್ಟ್ ಸಲಹಾ ಸಮಿತಿ ರಚಿಸಿತು. ಹಳಿಗಳ ಮೇಲೆ ಡಾಂಬರು ಸುರಿಯುವುದನ್ನು ನಿಲ್ಲಿಸಿ ಎಂದಿತು. ಹಾಗೆ ಹೇಳಬೇಕಾಗಿ ಬಂತು ಅಂದರೆ ಡಾಂಬರು ಸುರಿಯುತ್ತಿದ್ದರು ಎಂದರ್ಥ. ಗುಂಡಿ ಮುಚ್ಚಿ ಎಂದು ವರ್ಷಗಟ್ಟಲೆ ಅರ್ಜಿ ಕೊಟ್ಟರೂ ಸಿಗದ ಡಾಂಬರು, ಹಳಿ ಮುಚ್ಚಲು ಯಾರೂ ಕೇಳದೆಯೇ ಹೇಗೆ ಬಂತು ಎಂಬುದು ಸಂಶೋಧನೆಗೆ ಅರ್ಹ ವಿಷಯ.

ಭಾರತದ ಮಿಕ್ಕ ಊರುಗಳು ಈ ಪರೀಕ್ಷೆಯನ್ನು ಯಾವಾಗಲೋ ಪಾಸು ಮಾಡಿದ್ದವು. ಪಟ್ನಾ 1903ರಲ್ಲಿ, ಕಾನ್ಪುರ 1933ರಲ್ಲಿ, ಮದರಾಸು 1953ರಲ್ಲಿ, ದೆಹಲಿ 1963ರಲ್ಲಿ, ಮುಂಬೈ 1964ರಲ್ಲಿ ಟ್ರಾಮು ಕಿತ್ತೊಗೆದು ಮುಂದುವರಿದವು. ವಿದೇಶಿಯರೂ ಹಿಂದೆ ಬೀಳಲಿಲ್ಲ: ಪ್ಯಾರಿಸ್ 1930ರ ದಶಕದಲ್ಲಿ, ಲಂಡನ್ 1952ರಲ್ಲಿ, ಸಿಡ್ನಿ 1961ರಲ್ಲಿ. ಆದರೆ ಅವರ ಚಿತ್ತ ಸ್ಥಿರವಲ್ಲ. ಪ್ಯಾರಿಸ್ 1992ರಲ್ಲಿ ಟ್ರಾಮನ್ನು ವಾಪಸು ಕರೆಯಿತು, ಲಂಡನ್ 2000ದಲ್ಲಿ ಕ್ರಾಯ್ಡನ್ ಕಡೆ ಹಳಿ ಹಾಕಿತು. ಸಿಡ್ನಿ ತನ್ನ ಮುಖ್ಯ ಬೀದಿ ಜಾರ್ಜ್ ಸ್ಟ್ರೀಟನ್ನು ಅಗೆದು 2019ರಲ್ಲಿ ಲೈಟ್ ರೈಲು ಓಡಿಸಿತು. ಆ ಯೋಜನೆಗೆ ಆದ ಖರ್ಚು ಸುಮಾರು 300 ಕೋಟಿ ಆಸ್ಟ್ರೇಲಿಯನ್ ಡಾಲರ್. ಅದೇ ದೇಶದ ಮೆಲ್ಬರ್ನ್ ಮಾತ್ರ ಬುದ್ಧಿಗೇಡಿ. ಕಿತ್ತುಹಾಕಲೇ ಇಲ್ಲ. ಸುಮಾರು 250 ಕಿಲೋಮೀಟರ್ ಹಳಿ ಇಟ್ಟುಕೊಂಡು ಜಗತ್ತಿನ ಅತಿ ದೊಡ್ಡ ಟ್ರಾಮ್ ಜಾಲ ಎನಿಸಿಕೊಂಡು ಕೂತಿದೆ. ಕಿತ್ತಿದ್ದರೆ ತಾನೇ ಮತ್ತೆ ಹಾಕುವ ಗುತ್ತಿಗೆ? ಕೋಲ್ಕತ್ತ ಆ ತಪ್ಪು ಮಾಡುವುದಿಲ್ಲ. ಈಗ ಕಿತ್ತು, ಐವತ್ತು ವರ್ಷ ಬಿಟ್ಟು, ವಿದೇಶಿ ಸಾಲದಲ್ಲಿ, ಸಲಹೆಗಾರರ ವರದಿಯೊಡನೆ ಅದನ್ನೇ ಮರಳಿ ಕೊಳ್ಳುವ ದಾರಿ ಅದಕ್ಕೀಗ ಮುಕ್ತವಾಗಿದೆ.

ಇಷ್ಟೆಲ್ಲ ಆದ ಮೇಲೆ ರಸ್ತೆ ಸಲೀಸಾಗಿರಲೇಬೇಕಲ್ಲ. ವಾಹನ ದಟ್ಟಣೆ ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2024ರ ಪಟ್ಟಿ ಬಂತು. ಕೋಲ್ಕತ್ತದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 33 ಸೆಕೆಂಡ್. ಭಾರತದಲ್ಲಿ ಮೊದಲ ಸ್ಥಾನ, ಜಗತ್ತಿನಲ್ಲಿ ಎರಡನೆಯದು. 37 ಮಾರ್ಗಗಳನ್ನು ಎರಡು ಮೂರಕ್ಕೆ ಇಳಿಸಿ ಮುಗಿಸಿದ ವರ್ಷವೇ ಈ ಪದಕ. ಜಗತ್ತಿನ ಮೂರನೇ ಸ್ಥಾನ ನಮ್ಮ ಬೆಂಗಳೂರಿಗೆ, 34 ನಿಮಿಷ 10 ಸೆಕೆಂಡ್. ಬೆಂಗಳೂರಿನಲ್ಲಿ ಟ್ರಾಮು ಎಂದೂ ಓಡಿಲ್ಲ. ಒಂದಡಿ ಟ್ರಾಮ್ ಹಳಿಯಿಲ್ಲದೆ, ಕೇವಲ ಸ್ವಂತ ಪರಿಶ್ರಮದಿಂದ, ಕೋಲ್ಕತ್ತಕ್ಕಿಂತ 23 ಸೆಕೆಂಡ್ ಅಂತರದಲ್ಲಿ ನಿಂತಿದ್ದೇವೆ. ಟ್ರಾಮು ತೆಗೆದರೆ ಜಾಮು ಕರಗುತ್ತದೆ ಎನ್ನುವ ಸಚಿವರು ಒಮ್ಮೆ ಸಿಲ್ಕ್ ಬೋರ್ಡಿಗೆ ಬಂದು, ಅಲ್ಲಿ ಯಾವ ಟ್ರಾಮು ಅಡ್ಡ ನಿಂತಿದೆ ಎಂದು ತೋರಿಸಬೇಕು.

ಪದಕ ಬಂದ ಮೇಲೂ ಆರೋಪಿ ಬೇಕೇ ಬೇಕು. ಅದರ ಚಿಂತೆಯೂ ಕೋಲ್ಕತ್ತಕ್ಕಿಲ್ಲ. ಸೈಕಲ್ಲುಗಳು ವಾಹನಗಳ ವೇಗಕ್ಕೆ ಅಡ್ಡಿ ಎಂದು ಅಲ್ಲಿನ ಪೊಲೀಸರು 2013ರಲ್ಲೇ 174 ರಸ್ತೆಗಳಲ್ಲಿ ಅವನ್ನು ನಿಷೇಧಿಸಿದ್ದರು. ಸೈಕಲ್ಲಾಯಿತು, ಟ್ರಾಮಾಯಿತು. ಇನ್ನು ಉಳಿದದ್ದು ಬಸ್ಸು ಮತ್ತು ನಡೆದು ಹೋಗುವ ಮನುಷ್ಯ. ಇಬ್ಬರೂ ನಿಧಾನ, ಇಬ್ಬರೂ ರಸ್ತೆ ದಾಟುವಾಗ ಅಡ್ಡ ಬರುತ್ತಾರೆ, ಹಾರ್ನ್ ಹೊಡೆದರೆ ತಿರುಗಿ ನೋಡುತ್ತಾರೆಯೇ ಹೊರತು ಬೇಗ ಸರಿಯುವುದಿಲ್ಲ. ಪಾದಚಾರಿಯನ್ನು ಪರಂಪರೆ ಎಂದು ಘೋಷಿಸಿ ಮೈದಾನದ ಸುತ್ತ ಭಾನುವಾರಗಳಂದು ಮಾತ್ರ ನಡೆಯಲು ಬಿಡುವ ಸುತ್ತೋಲೆಯ ಕರಡನ್ನು ಈಗಲೇ ಸಿದ್ಧಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಾರುಗಳ ಬಗ್ಗೆ ಅದರಲ್ಲಿ ಏನೂ ಬರೆಯಬೇಕಾಗಿಲ್ಲ. ಜಾಮಿನಲ್ಲಿ ಕಾರುಗಳಿರುತ್ತವೆ ಎಂಬುದನ್ನು ಇದುವರೆಗೆ ಯಾರೂ ಕಂಡುಹಿಡಿದಿಲ್ಲ.