ಬೆಂಗಳೂರು ಮಾವನ ಸೆಕೆಗಾಲ

ಕರಾವಳಿಯ ಪ್ರತಿ ಮನೆಗೂ ಒಬ್ಬ ಬೆಂಗಳೂರು ಮಾವ ಇರುತ್ತಾರೆ. ಕೆಲವು ಮನೆಗಳಲ್ಲಿ ಅವರು ಬೆಂಗಳೂರು ಚಿಕ್ಕಪ್ಪ, ಇನ್ನು ಕೆಲವೆಡೆ ಬೆಂಗಳೂರು ಭಾವ. ಸಂಬಂಧ ಯಾವುದಾದರೂ ಲಕ್ಷಣ ಒಂದೇ: ಹುಟ್ಟಿದ್ದು ಮಂಗಳೂರಿನಲ್ಲಿ, ಸೆಕೆ ಶುರುವಾದದ್ದು ಬೆಂಗಳೂರಿಗೆ ಹೋದ ಮೇಲೆ. ನಮ್ಮ ಮಾವ ಮೇ ತಿಂಗಳ ಮಟಮಟ ಮಧ್ಯಾಹ್ನ ನೆಹರೂ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದವರು. ಆ ಕಾಲದಲ್ಲಿ ಅವರ ಬಾಯಲ್ಲಿ ಸೆಕೆಯ ಸುದ್ದಿ ಕೇಳಿದವರು ನಮ್ಮ ಕುಟುಂಬದಲ್ಲಿ ಯಾರೂ ಇಲ್ಲ. ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದವರು ಮೊದಲ ಸಲ ರಜೆಯಲ್ಲಿ ಊರಿಗೆ ಬಂದಾಗ, ಜಗಲಿಯಲ್ಲಿ ಚಪ್ಪಲಿ ಬಿಡುವ ಮೊದಲೇ ಅಂಗಿಯ ಮೇಲಿನ ಗುಂಡಿ ಬಿಚ್ಚಿ, "ಅಬ್ಬಬ್ಬಾ, ನೀವೆಲ್ಲ ಇಲ್ಲಿ ಹೇಗೆ ಬದುಕ್ತೀರಿ ಮಾರಾಯ್ರೆ?" ಎಂದು ಕೇಳಿದರಂತೆ. ಕೆಲಸ ಪರ್ಮನೆಂಟ್ ಆಯಿತೆಂದು ಮನೆಯವರಿಗೆ ಗೊತ್ತಾದದ್ದು ಆಗಲೇ.

ಅಷ್ಟು ಕಷ್ಟವಾಗುವುದಾದರೆ ಡಿಸೆಂಬರಿನಲ್ಲಿ ಬರಬಹುದಲ್ಲ ಎಂದು ಕೇಳಬೇಡಿ. ಡಿಸೆಂಬರಿನಲ್ಲಿ ಮಕ್ಕಳಿಗೆ ಶಾಲೆ. ಜುಲೈಯಲ್ಲಿ ಮಳೆ. ಉಳಿದದ್ದು ಮೇ. ಅಲ್ಲದೆ ಊರಿನ ಮದುವೆ, ಉಪನಯನ, ಗೃಹಪ್ರವೇಶ, ನೇಮ ಎಲ್ಲ ಒಟ್ಟಾಗಿ ನುಗ್ಗುವುದೂ ಆಗಲೇ. ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಇಂಗ್ಲಿಷ್ ಲೆಕ್ಕದಲ್ಲಿ ಮೇ 24ರ ಆಚೀಚೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವಗಳ ನೇಮ ನಿಲ್ಲುತ್ತದೆ. ಅದರೊಳಗೆ ಒಂದು ಕಟೀಲು ಮೇಳದ ಆಟ ನೋಡಬೇಕು, ಹಲಸಿನ ಹಣ್ಣಿನ ಗಟ್ಟಿ ತಿನ್ನಬೇಕು, ಮಾವಿನ ಮಿಡಿ ಭರಣಿಯಲ್ಲಿ ಕೂತಿದೆಯೇ ಎಂದು ವಿಚಾರಿಸಬೇಕು. ಇಷ್ಟೆಲ್ಲ ಆಸೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು, ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಊರಿನಿಂದ ಮಾವ ರಾತ್ರಿ ಬಸ್ಸು ಹತ್ತುತ್ತಾರೆ. ಶಿರಾಡಿ ಘಾಟಿ ಇಳಿಯುವಷ್ಟು ಹೊತ್ತೂ ಏಸಿ ಸ್ಲೀಪರಿನ ಕಂಬಳಿ ಹೊದ್ದು ಮಲಗಿರುತ್ತಾರೆ.

ಬೆಳಿಗ್ಗೆ ಆರೂವರೆಗೆ ಬಸ್ಸಿನ ಬಾಗಿಲು ತೆರೆಯುತ್ತದೆ. ಮಾವ ಒಂದು ಕಾಲು ಕೆಳಗಿಡುತ್ತಾರೆ. ಕನ್ನಡಕದ ಎರಡೂ ಗಾಜು ಬೆಳ್ಳಗೆ ಮಂಜು ಕಟ್ಟುತ್ತದೆ. ಕರೆದುಕೊಂಡು ಹೋಗಲು ಬಂದ ನಾನು ಎದುರಿಗೇ ನಿಂತಿದ್ದರೂ ಅವರಿಗೆ ಕಾಣುವುದಿಲ್ಲ. "ಎಲ್ಲಿದ್ದೀಯಾ?" ಎಂದು ಕೇಳುವ ಬದಲು, ಬೂದಿ ಬಣ್ಣದ ಶೂನ್ಯವನ್ನೇ ಉದ್ದೇಶಿಸಿ, "ನೋಡಿದ್ಯಾ? ಇಷ್ಟು ಬೆಳಿಗ್ಗೆಯೇ!" ಎನ್ನುತ್ತಾರೆ.

ಮನೆಗೆ ಬಂದೊಡನೆ ಫ್ಯಾನುಗಳ ಸಮೀಕ್ಷೆ. ಚಾವಡಿಯದ್ದಕ್ಕೆ ಗಾಳಿ ಸಾಲದು, ನಡುಕೋಣೆಯದ್ದಕ್ಕೆ ಸದ್ದು ಜಾಸ್ತಿ, ಅಜ್ಜನ ಕೋಣೆಯದ್ದು ತಿರುಗುತ್ತದೆ, ಗಾಳಿ ಮಾತ್ರ ಕೊಡುವುದಿಲ್ಲ. ರೆಗ್ಯುಲೇಟರನ್ನು ಐದಕ್ಕೆ ತಿರುಗಿಸಿ, ಅದರಾಚೆಗೆ ಇನ್ನೂ ಒಂದು ಸಂಖ್ಯೆ ಇದ್ದೀತೇ ಎಂದು ಬೆರಳಲ್ಲಿ ಒತ್ತಿ ನೋಡುತ್ತಾರೆ. ಕೊನೆಗೆ ಮಂಚವನ್ನೇ ಫ್ಯಾನಿನ ಸರೀ ಕೆಳಗೆ ಎಳೆಯಲಾಗುತ್ತದೆ. ಮಾವ ಅಂಗಾತ ಮಲಗಿ ಮೇಲೆ ನೋಡುತ್ತಾರೆ. "ಈ ಹೆಂಚು ಕಾದು ಕೂತಿದೆ ಅಕ್ಕ. ಸ್ಲ್ಯಾಬ್ ಹಾಕಿಸಬೇಕಿತ್ತು."

ಇದೇ ಹೆಂಚಿನ ಮಾಡಿನ ಫೋಟೊ ಬೆಂಗಳೂರಿನ ಅವರ ಫ್ಲ್ಯಾಟಿನ ಹಾಲ್‌ನಲ್ಲಿ ಫ್ರೇಮಿನೊಳಗೆ ಇದೆ. ಬಂದ ನೆಂಟರನ್ನು ಅದರೆದುರು ನಿಲ್ಲಿಸಿ, 1865ರಲ್ಲಿ ಬಾಸೆಲ್ ಮಿಷನ್‌ನವರು ನಮ್ಮ ಜೆಪ್ಪಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಲ್ಲಿಂದ ಕತೆ ತೆಗೆಯುತ್ತಾರೆ. "ಹೆಂಚಿನ ಮನೆ ಅಂದ್ರೆ ನ್ಯಾಚುರಲ್ ಏಸಿ ಸಾರ್" ಎಂಬಲ್ಲಿಗೆ ಆ ಕತೆ ಮುಗಿಯುತ್ತದೆ. ನ್ಯಾಚುರಲ್ ಏಸಿ ಘಾಟಿಯ ಮೇಲೆ ಮಾತ್ರ ಕೆಲಸ ಮಾಡುವಂಥದ್ದು.

ಹನ್ನೊಂದು ಗಂಟೆಗೆ ಮೊಬೈಲಿನ ಹವಾಮಾನ ವಾರ್ತೆ. "33 ಡಿಗ್ರಿ. ಆದ್ರೆ 41ರ ಹಾಗೆ ಅನ್ನಿಸ್ತದೆ ಅಂತ ಬರೆದಿದ್ದಾರೆ ಅಕ್ಕ."

ಅಡುಗೆಮನೆಯಿಂದ ಅಮ್ಮ, "ಯಾರಿಗಂತೆ ಅನ್ನಿಸುವುದು?"

ಮಾವ ಇದಕ್ಕೇ ಕಾದಿದ್ದವರಂತೆ ಪಾಠ ಶುರುಮಾಡುತ್ತಾರೆ. ಬೆವರು ಬರುವುದು ಮುಖ್ಯವಲ್ಲ, ಆರುವುದು ಮುಖ್ಯ. ಆರುವಾಗ ಅದು ಮೈಯ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ಇಲ್ಲಿಯ ಗಾಳಿಯಲ್ಲಿ ಮೊದಲೇ ನೀರಿನ ಪಸೆ ತುಂಬಿರುವುದರಿಂದ ಬೆವರಿಗೆ ಹೋಗಲು ಜಾಗವಿಲ್ಲ, ಅದು ಅಂಗಿಯಲ್ಲೇ ಸಂಸಾರ ಹೂಡುತ್ತದೆ. ರಾತ್ರಿ ತಂಪಾದೀತೆಂದರೆ ಅದೂ ಇಲ್ಲ, ಪಾದರಸ 26ರಿಂದ ಕೆಳಗಿಳಿಯಲು ಒಪ್ಪುವುದಿಲ್ಲ. ಕಲಬುರಗಿಯಲ್ಲಿ, ರಾಯಚೂರಿನಲ್ಲಿ 42 ಡಿಗ್ರಿ ಇರಬಹುದು, ಆದರೆ ಅದು ಡ್ರೈ ಹೀಟ್. ಡ್ರೈ ಹೀಟ್ ಬೇರೆ.

ಪಾಠದಲ್ಲಿ ತಪ್ಪೇನೂ ಇಲ್ಲ. ಪಾಠ ಮಾಡುವಾಗ ಅವರು ಇನ್ನಷ್ಟು ಬೆವರುತ್ತಾರೆ, ಅಷ್ಟೇ. ಒಮ್ಮೆ ನನ್ನ ಮಗಳು ತನ್ನ ಮೊಬೈಲಿನಿಂದ ತಲೆ ಎತ್ತಿ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲೇ 39.2 ಡಿಗ್ರಿ ದಾಖಲಾಗಿತ್ತು, ಮಂಗಳೂರು ಅಷ್ಟು ಮೇಲೆ ಹೋಗುವುದೇ ಅಪರೂಪ ಎಂದಳು. ಮಾವ ಒಂದು ಕ್ಷಣವೂ ತಡವರಿಸಲಿಲ್ಲ. "ಅದು ಡ್ರೈ ಹೀಟ್ ಪುಟ್ಟಾ. ಮರದ ನೆರಳಿಗೆ ಹೋಗಿ ನಿಂತ್ರೆ ಆಯ್ತು." ಬೆಂಗಳೂರಿನಲ್ಲಿ ಮಾವ ಮರದ ನೆರಳಿನಲ್ಲಿ ನಿಂತದ್ದನ್ನು ಯಾರೂ ಕಂಡಿಲ್ಲ. ಅಲ್ಲಿ ಅವರು ಏಸಿ ಕಾರಿನಿಂದ ಏಸಿ ಆಫೀಸಿಗೆ, ಏಸಿ ಆಫೀಸಿನಿಂದ ಏಸಿ ಮಾಲಿಗೆ ಹೋಗುವವರು.

ಸೆಕೆಯ ಪರಿಹಾರಕ್ಕೆ ಸ್ನಾನ. ಎದ್ದ ಮೇಲೊಂದು, ಊಟಕ್ಕೆ ಮೊದಲೊಂದು, ನಿದ್ದೆ ಬಿಟ್ಟೆದ್ದು ಒಂದು, ಮಲಗುವ ಮುಂಚೆ ಇನ್ನೊಂದು. ಅದೇ ಹೊತ್ತಿಗೆ ಊರಿಗೆಲ್ಲ ಚಿಂತೆ ನೇತ್ರಾವತಿಯದ್ದು. ಮೇ ತಿಂಗಳಲ್ಲಿ ಮಂಗಳೂರಿಗರು ಪತ್ರಿಕೆ ಬಿಡಿಸಿದರೆ ಮೊದಲು ನೋಡುವುದು ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟು ಇಳಿದಿದೆ ಎಂದು. ಇಳಿದರೆ ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು. ಬಚ್ಚಲಿನಲ್ಲಿ ಮಾವ ತಂಬಿಗೆಯ ಮೇಲೆ ತಂಬಿಗೆ ಸುರಿದುಕೊಳ್ಳುವ ಸದ್ದು ಕೇಳಿದಾಗೆಲ್ಲ ಅಮ್ಮ, "ತುಂಬೆಯಲ್ಲಿ ಇವತ್ತು ಎಷ್ಟಂತೆ?" ಎಂದು ಬಚ್ಚಲಿಗೆ ಕೇಳುವಷ್ಟೇ ಗಟ್ಟಿಯಾಗಿ ನನ್ನಲ್ಲಿ ಕೇಳುತ್ತಾರೆ.

ಸೆಕೆಗೂ ಮಾವನ ನಾಲಿಗೆಗೂ ಯಾವ ಒಪ್ಪಂದವೂ ಇಲ್ಲ. ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಮಾವಿನ ಮಿಡಿ, ಪುನರ್ಪುಳಿ ಸಾರು ಎಂದರೆ, "ಊರಿಗೆ ಬಂದೂ ಗಂಜಿಯಾ?" ಎಂದು ಮುಖ ಸಪ್ಪೆ ಮಾಡುತ್ತಾರೆ. ಅವರಿಗೆ ಬೇಕಾದದ್ದು ಬಾಣಲೆಯಿಂದ ನೇರ ತಟ್ಟೆಗೆ ಬೀಳುವ ಗೋಳಿಬಜೆ, ಅದರೊಟ್ಟಿಗೆ ಹೊಗೆಯಾಡುವ ಚಾ. ಸಂಜೆ ನಾಲ್ಕು ಗಂಟೆಯ ಆ ದೃಶ್ಯವನ್ನು ನೀವು ನೋಡಬೇಕು. ಬಜೆಯನ್ನು ಎರಡಾಗಿ ಹರಿದಾಗ ಒಳಗಿನಿಂದ ಹಬೆ ಏಳುತ್ತದೆ. ಹಣೆಯ ಮೇಲೆ ಒಂದು ಹನಿ ಮೂಡಿ, ಹುಬ್ಬು ದಾಟಿ, ಮೂಗಿನ ಪಕ್ಕದಿಂದ ಇಳಿದು, ತುದಿಯಲ್ಲಿ ನಿಂತು ಯೋಚಿಸುತ್ತದೆ. ಎಡಗೈಯ ಬೈರಾಸು ಅದನ್ನು ಒರೆಸುವಷ್ಟರಲ್ಲಿ ಬಲಗೈ ಚಟ್ನಿಯಲ್ಲಿ ಅದ್ದಿಯಾಗಿರುತ್ತದೆ. "ಎಂಥ ಸೆಕೆ ಅಕ್ಕ! ಇನ್ನೊಂದು ನಾಲ್ಕು ಹಾಕು." ಬಾಣಲೆಯ ಎದುರಿಗೆ ನಿಂತವರು ಅಮ್ಮ. ಅವರ ಕಡೆಯ ಡಿಗ್ರಿ ಎಷ್ಟು ಎಂದು ಯಾವ ಮೊಬೈಲೂ ತೋರಿಸುವುದಿಲ್ಲ.

ಮೈಗೆ ಹತ್ತಿದ ಬಿಸಿ ಇಳಿಸಲು ಸಂಜೆ ಗಡ್‌ಬಡ್. 1975ರಲ್ಲಿ ಶುರುವಾದ ಐಡಿಯಲ್ ಐಸ್‌ಕ್ರೀಮ್ ಮಾವನ ತಲೆಮಾರಿನ ಒಂದು ಭಕ್ತಿಪಂಥ. ಉದ್ದನೆಯ ಗ್ಲಾಸಿನಲ್ಲಿ ಹಣ್ಣು, ಜೆಲ್ಲಿ, ಗೋಡಂಬಿ, ಬಗೆಬಗೆಯ ಐಸ್‌ಕ್ರೀಮು ಒಂದರ ಮೇಲೊಂದು ಕೂತು ಬರುತ್ತದೆ. ಮಾವ ಮೊದಲು ಫೋಟೊ ತೆಗೆದು ಬೆಂಗಳೂರಿನ ಆಫೀಸಿನವರಿಗೆ ಕಳಿಸಬೇಕು. ಅವರ ಉತ್ತರ ಬರುವಷ್ಟರಲ್ಲಿ ಗ್ಲಾಸಿನ ತಳದಲ್ಲಿ ಕೆರೆ. "ನೋಡು, ಐಸ್‌ಕ್ರೀಮಿಗೇ ತಡೆಯೋಕಾಗಲ್ಲ, ಇನ್ನು ಮನುಷ್ಯರ ಗತಿ ಏನು?"

ಮಾವನ ವೈಭವವನ್ನು ಪೂರ್ತಿ ಕಾಣಬೇಕಾದರೆ ಮದುವೆ ಹಾಲಿಗೆ ಹೋಗಬೇಕು. ಮುಹೂರ್ತ ವೇದಿಕೆಯಲ್ಲಿ ನಡೆಯುತ್ತಿದ್ದರೂ ಜನ ಸೇರಿರುವುದು ಪೆಡಸ್ಟಲ್ ಫ್ಯಾನಿನ ಸುತ್ತ. ಅಲ್ಲಿ ಬೇರೆ ಬೇರೆ ಮನೆಗಳ ಬೆಂಗಳೂರು ಮಾವಂದಿರೆಲ್ಲ ಕರ್ಚೀಫನ್ನು ಕಾಲರಿನ ಒಳಗೆ ಸಿಕ್ಕಿಸಿಕೊಂಡು, ಆಮಂತ್ರಣ ಪತ್ರಿಕೆಯಿಂದ ಗಾಳಿ ಬೀಸಿಕೊಳ್ಳುತ್ತ ಸಭೆ ಸೇರಿರುತ್ತಾರೆ. ನಮ್ಮ ಏರಿಯಾದಲ್ಲಿ ಈಗಲೂ ಬೆಳಿಗ್ಗೆ ಹೊದಿಕೆ ಬೇಕು ಎಂದು ಒಬ್ಬರು. ನಾವು ಫ್ಯಾನೇ ಹಾಕುವುದಿಲ್ಲ ಎಂದು ಮತ್ತೊಬ್ಬರು. ಹೀಗೆ ಮಾತು ಹದಕ್ಕೆ ಬಂದಿರುವಾಗ ದುಬೈ ಭಾವನ ಪ್ರವೇಶವಾಗುತ್ತದೆ. ಕೋಟು ಹಾಕಿಕೊಂಡು, ಗುಂಡಿಯನ್ನೂ ಹಾಕಿಕೊಂಡು. "ಇದೊಂದು ಸೆಕೆಯಾ? ನಮ್ಮಲ್ಲಿ 48 ಹೋಗ್ತದೆ. ಸಮುದ್ರವೂ ಉಂಟು, ಮರಳೂ ಉಂಟು." ಸಭೆ ತಣ್ಣಗಾಗುತ್ತದೆ. ಡ್ರೈ ಹೀಟ್ ಎನ್ನುವ ಹಾಗಿಲ್ಲ, ಸಮುದ್ರವನ್ನು ಅವರು ಮೊದಲೇ ಹೇಳಿಬಿಟ್ಟಿದ್ದಾರೆ. ಮಾವಂದಿರು ಒಬ್ಬೊಬ್ಬರಾಗಿ ಊಟದ ಹಾಲಿನ ಕಡೆ ಜಾರುತ್ತಾರೆ. ಅಲ್ಲಿ ಏಸಿ ಇದೆ ಎಂಬ ಸುದ್ದಿ.

ಇಷ್ಟಾದರೂ ಮಾವನನ್ನು ಬೈಯುವವರು ನಮ್ಮಲ್ಲಿ ಕಡಿಮೆ. ಸೆಕೆ ಅವರೊಬ್ಬರಿಗೇ ಆಗುವುದಲ್ಲವಲ್ಲ. ನಾವೂ ರಾತ್ರಿ ದಿಂಬನ್ನು ಮಗುಚಿ ತಂಪು ಬದಿ ಹುಡುಕುವವರೇ. ಆದರೆ ಇಲ್ಲೇ ಇರುವವರು ಸೆಕೆ ಸೆಕೆ ಎಂದರೆ ಅದು ದೂರು, ಕೇಳಲು ಯಾರಿಗೂ ಪುರುಸೊತ್ತಿಲ್ಲ. ಬೆಂಗಳೂರಿನಿಂದ ಬಂದವರು ಹೇಳಿದರೆ ಅದು ಸುದ್ದಿ.

ಒಂದು ರಾತ್ರಿ ಕರೆಂಟು ಹೋಯಿತು. ಎಲ್ಲರೂ ಜಗಲಿಗೆ ಬಂದೆವು. ಮೋಡ ಕಟ್ಟಿತ್ತು, ಎಲೆ ಅಲ್ಲಾಡುತ್ತಿರಲಿಲ್ಲ. ಮಾವ ಅಡಿಕೆ ಹಾಳೆಯ ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತ ಹಳೆಯ ಕತೆ ತೆಗೆದರು. ಕಲ್ಲೆಸೆದು ಕಾಟು ಮಾವಿನ ಹಣ್ಣು ಬೀಳಿಸಿದ್ದು, ಅಜ್ಜ ಬೆತ್ತ ಹಿಡಿದು ಓಡಿಸಿದ್ದು. ಆ ಮಾವಿನ ಮರದಿಂದ ಮಾತು ಮರ ನಿಂತ ಹಿತ್ತಿಲಿಗೆ ಬಂತು. ಹಿತ್ತಿಲಿನಿಂದ ಅದರ ಗಡಿಕಲ್ಲಿಗೆ ಬಂತು. "ಹೌದಕ್ಕ, ಆ ಹಿತ್ತಿಲಿಗೆ ಈಗ ಸೆಂಟ್ಸಿಗೆ ಎಷ್ಟು ನಡೀತಿದೆ? ಅಪ್ಪನ ಹೆಸರಲ್ಲೇ ಇದೆಯಲ್ಲ ಇನ್ನೂ..."

ಕತ್ತಲಲ್ಲಿ ಅಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡರು. "ಅಬ್ಬಾ, ಎಂಥ ಸೆಕೆ ಅಲ್ವಾ ಇವತ್ತು?"

ಅಮ್ಮನ ಬಾಯಲ್ಲಿ ಆ ಮಾತು ಬಂದದ್ದೇ ತಡ, ಮಾವ ನೆಟ್ಟಗೆ ಕೂತರು. "ನಾನು ಹೇಳ್ಲಿಲ್ವಾ ಅಕ್ಕ! ಹ್ಯುಮಿಡಿಟಿ ಎಷ್ಟು ಗೊತ್ತಾ ಈಗ?" ಮೊಬೈಲು ಬೆಳಗಿತು. ಕರೆಂಟು ಬರುವ ತನಕ ಅವರು ಪಸೆ, ಬೆವರು, ಡ್ರೈ ಹೀಟ್ ಬಿಟ್ಟು ಕದಲಲಿಲ್ಲ.

ಮಾವ ಹೊರಡುವುದು ಪತ್ತನಾಜೆ ಕಳೆದು ಎರಡು ಮೂರು ದಿನಕ್ಕೆ. ಹಲಸಿನ ಹಪ್ಪಳ, ಸಾಂತಾಣಿ, ಒಂದು ಭರಣಿ ಉಪ್ಪಿನಕಾಯಿ ಕಟ್ಟಿಕೊಂಡು, "ಇನ್ನು ಈ ಸೆಕೆಯಲ್ಲಿ ಬರಲ್ಲ ಮಾರಾಯ" ಎಂದು ಬಸ್ಸು ಹತ್ತುತ್ತಾರೆ. ಮುಂಗಾರು ಕೇರಳ ಮುಟ್ಟುವ ವಾಡಿಕೆ ಜೂನ್ 1ಕ್ಕೆ, ನಮಗೆ ಬರುವುದು ಅದರಿಂದ ಮೂರು ನಾಲ್ಕು ದಿನದ ಮೇಲೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಳೆ, ಮಾವ ಇರುವಾಗ ನಾಲ್ಕು ಹನಿ ಹಾಕಲು ಮಾತ್ರ ಹಿಂದೆಮುಂದೆ ನೋಡುತ್ತದೆ. ಮೊದಲ ಮಳೆ ಬಿದ್ದ ದಿನ ಬೆಂಗಳೂರಿನಿಂದ ಫೋನು. "ಮಳೆಯಂತಲ್ಲಾ! ಪುಣ್ಯವಂತರು ನೀವು." ಹಾಗೆಯೇ ಮುಂದುವರಿದು, ಬರುವ ವರ್ಷಕ್ಕೆ ನಡುಕೋಣೆಗೆ ಒಂದು ಏಸಿ ಹಾಕಿಸುತ್ತೇನೆ, ಖರ್ಚು ಪೂರ್ತಿ ತನ್ನದೇ ಎಂದರು.

"ಬೇಡಪ್ಪಾ, ನಮಗೆ ಏಸಿ ಆಗಿಬರುವುದಿಲ್ಲ, ಗಂಟು ನೋವು" ಎಂದು ಅಮ್ಮ ಫೋನಿಟ್ಟರು. ಗಂಟು ನೋವಿನ ಸುದ್ದಿ ನಾವು ಅಂದೇ ಮೊದಲು ಕೇಳಿದ್ದು.

"ಪುಕ್ಕಟೆ ಬರುವ ಏಸಿ ಯಾಕಮ್ಮ ಬೇಡ ಅಂದದ್ದು?" ಎಂದೆ.

ಅಮ್ಮ ನನ್ನನ್ನು ಕನಿಕರದಿಂದ ನೋಡಿದರು. "ಸೆಕೆ ಇಲ್ಲದಿದ್ರೆ ಅವ ಬಂದು ಕೂತು ಎಂಥ ಮಾತಾಡುವುದು? ಮೊದಲ ದಿನವೇ ಹಿತ್ತಿಲಿನ ಪಾಲು ಕೇಳ್ತಾನೆ."