ಲಕ್ಷದ ಲೆನ್ಸು, ಇಟ್ಟಿಗೆ ಗೋಡೆ

ಲೈಕಾದವರ ಸಮ್ಮಿಲಕ್ಸ್ 21 ಮಿ.ಮೀ. ಲೆನ್ಸು 2008ರಲ್ಲಿ ಬಂತು. ಅಷ್ಟು ಅಗಲದ ನೋಟಕ್ಕೆ ಎಫ್/1.4ರಷ್ಟು ದೊಡ್ಡ ಕಣ್ಣು. ಬೆಲೆ ಹಲವು ಲಕ್ಷ. ಕೊಂಡವರು ಮೊದಲು ತೆಗೆಯುವ ಚಿತ್ರ ಯಾವುದು ಗೊತ್ತೇ? ಇಟ್ಟಿಗೆ ಗೋಡೆ. ಹೆಂಡತಿ ಮಕ್ಕಳು ಸರದಿಯಲ್ಲಿ ಕಾಯಬೇಕು. ಆಮೇಲೆ ಚಿತ್ರ ಹಿಗ್ಗಿಸಿ, "ಎಡಮೂಲೆ ಸ್ವಲ್ಪ ಮಂಕು" ಎಂಬ ನಿಟ್ಟುಸಿರು. ಕಣ್ಣು ಪೂರ್ತಿ ತೆರೆದಾಗ ಮೂಲೆ ಕಪ್ಪಾಗುವುದು ಇಂಥ ಲೆನ್ಸುಗಳ ಜಾಯಮಾನ, 5.6ಕ್ಕೆ ಇಳಿಸಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇಳಿಸುವುದಾದರೆ 1.4ಕ್ಕೆ ಲಕ್ಷ ಸುರಿದದ್ದೇಕೆ ಎಂದು ಮಾತ್ರ ಕೇಳಬಾರದು.

ನಿಜವಾದ ತಮಾಷೆ ಮುಂದಿದೆ. ಈ ಲೆನ್ಸು ಕೂರುವುದು ಲೈಕಾ ಎಂ ಎಂಬ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ; ಅದರಲ್ಲಿ ನೋಡುವುದು ಲೆನ್ಸಿನ ಮೂಲಕವಲ್ಲ, ಪಕ್ಕದ ಕಿಟಕಿಯಿಂದ. ಆ ಕಿಟಕಿಯ ಚೌಕಟ್ಟು ಸಾಮಾನ್ಯವಾಗಿ 28 ಮಿ.ಮೀ.ಗೇ ಮುಗಿಯುತ್ತದೆ. ಅದಕ್ಕಿಂತ ಅಗಲದ 21ಕ್ಕೆ ಕ್ಯಾಮೆರಾದ ನೆತ್ತಿಯ ಮೇಲೆ ಇನ್ನೊಂದು ಕಿಟಕಿ ಸಿಕ್ಕಿಸಬೇಕು. ಅದಕ್ಕೆ ಬೇರೆ ದುಡ್ಡು. (ಹೊಸ ಮಾಡೆಲ್ಲುಗಳ ಹಿಂಬದಿ ಪರದೆ ನೋಡುವುದು ರಸಿಕರ ಲಕ್ಷಣವಲ್ಲವಂತೆ.) ಫೋಕಸ್ ಕೆಳಗಿನದರಲ್ಲಿ, ಚೌಕಟ್ಟು ಮೇಲಿನದರಲ್ಲಿ. ಆ ತಲೆಯ ಏರಿಳಿತ ಕಂಡ ಎದುರಿನವರು ನಮಸ್ಕಾರವೆಂದು ತಿಳಿದು ಕೈಮುಗಿದರೆ ಆಶ್ಚರ್ಯವಿಲ್ಲ. ಸಾಲದ್ದಕ್ಕೆ ಈ ದಪ್ಪ ಲೆನ್ಸು ಕೆಳಗಿನ ಕಿಟಕಿಯ ಮೂಲೆಗೆ ಅಡ್ಡ ನಿಂತಿರುತ್ತದೆ, ಸಿನಿಮಾದಲ್ಲಿ ಮುಂದಿನ ಸೀಟಿನ ಪೇಟದವನ ಹಾಗೆ.

ಆದರೂ ಮಬ್ಬು ಬೀದಿದೀಪದಲ್ಲಿ ಇಡೀ ಓಣಿಯನ್ನು ಕೈನಡುಗದೆ ಹಿಡಿಯುವುದರಲ್ಲಿ ಈ ಲೆನ್ಸನ್ನು ಮೀರಿಸುವುದು ಕಷ್ಟ. ಮುಚ್ಚಳ ತೆಗೆದಿದ್ದರೆ. ಹಾಕಿಯೇ ಇದ್ದರೂ ಕಿಟಕಿಯಲ್ಲಿ ಲೋಕವೆಲ್ಲ ನಿಚ್ಚಳ!