ತ್ರೀ ನಾಟ್ ತ್ರೀ ಸಾಹೇಬ್ರು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬೆಳಗಿನ ವಾಕಿಂಗ್ ಹೊರಟವರ ನಡುವೆ, ಎದೆ ಸೆಟೆಸಿ, ಕೈಯನ್ನು ಭುಜದ ಮಟ್ಟಕ್ಕೆ ಬೀಸುತ್ತಾ, ನಾಯಿ ಬೊಗಳಿದರೂ ಹೆಜ್ಜೆ ತಪ್ಪದೆ ನಡೆಯುವವರೊಬ್ಬರು ಇದ್ದೇ ಇರುತ್ತಾರೆ. ನಿವೃತ್ತ ಬ್ಯಾಂಕ್ ಮ್ಯಾನೇಜರೋ ಕಾಲೇಜು ಮೇಷ್ಟ್ರೋ ಆಗಿರುತ್ತಾರೆ. ಮೂಲ ಗುಬ್ಬಿ ಸೀಮೆ. ಒಂದಿಷ್ಟು ಅಡಿಕೆ, ಒಂದಿಷ್ಟು ತೆಂಗು. ಸೈನ್ಯಕ್ಕೂ ಅವರಿಗೂ ಇರುವ ನಂಟು ಎನ್‌ಸಿಸಿಯ ‘ಸಿ’ ಸರ್ಟಿಫಿಕೇಟ್ ಮಾತ್ರ. ಆದರೆ ಕಾಫಿಗೆ ಕೂತರೆ ಮಾತು ಎಲ್ಲೆಲ್ಲಿ ಸುತ್ತಿದರೂ ಬಂದು ನಿಲ್ಲುವುದು ತ್ರೀ ನಾಟ್ ತ್ರೀ ರೈಫಲ್ಲಿಗೆ.

“ಮ್ಯಾಗಜೀನಿಗೆ ಹತ್ತು ಗುಂಡು ಕಣ್ರೀ! ನಾಲ್ಕು ಕೆ.ಜಿ. ತೂಕ!”

ಸುಳ್ಳಲ್ಲ. ತ್ರೀ ನಾಟ್ ತ್ರೀ ಅಂದರೆ ಲೀ-ಎನ್‌ಫೀಲ್ಡ್; ಅದರ ಮಾರ್ಕ್ 3 ಬಂದದ್ದು 1907ರಲ್ಲಿ. ಬಂಗಾಳದ ಇಶಾಪುರದಲ್ಲೂ ತಯಾರಾದ ಆ ರೈಫಲ್ 1962ರ ಚೀನಾ ಯುದ್ಧದಲ್ಲಿ ನಮ್ಮ ಜವಾನರ ಹೆಗಲ ಮೇಲಿತ್ತು. 2008ರ ಮುಂಬೈ ದಾಳಿಯ ರಾತ್ರಿಯೂ ಕೆಲವು ಪೊಲೀಸರ ಕೈಯಲ್ಲಿದ್ದದ್ದು ಅದೇ. ಸಾಹೇಬರು ಹೇಳದೆ ನುಂಗುವುದು ಒಂದನ್ನೇ: ಪರೇಡಿನಲ್ಲಿ ಅವರು ಹೊತ್ತದ್ದು ‘ಡಿಪಿ’ ರೈಫಲ್. ಕವಾಯತಿಗೆಂದೇ, ಗುಂಡು ಹಾರದಂತೆ ಮಾಡಿಟ್ಟದ್ದು. ಹೊಡೆದದ್ದೇನಿದ್ದರೂ ಪಾಯಿಂಟ್ ಟೂಟೂ ರೈಫಲ್ಲಿನಲ್ಲಿ.

ನಿವೃತ್ತಿಯ ಹಣ ಕೈಗೆ ಬಂದೊಡನೆ ಹಳೆಯದೊಂದನ್ನು ಕೊಂಡು, ತಿಕ್ಕಿ ತೀಡಿ, ರೇಂಜಿನಲ್ಲಿ ಹೊಡೆಯುವ ಹಂಬಲ ಹೆಡೆಯೆತ್ತುತ್ತದೆ. ಡಿ.ಸಿ. ಆಫೀಸಿನ ಗುಮಾಸ್ತರು ಅರ್ಜಿಯಿಂದ ತಲೆ ಎತ್ತದೆ, “ಸಾರ್, ಇದು ನಿಷೇಧಿತ ಬೋರು. ಬೇರೆ ಬರ್ಕೊಂಡ್ ಬನ್ನಿ” ಅನ್ನುತ್ತಾರೆ. ಸಾರ್ವಜನಿಕರಿಗೆ ಸಿಗುವುದು ಅದರ ಸೋದರ ಪಾಯಿಂಟ್ ತ್ರೀ ಒನ್ ಫೈವ್. ಬೋಲ್ಟಿನ ವರಸೆ ಅದೇ, ಗುಂಡು ಬೇರೆ. ಹೈದರಾಲಿ, ಟಿಪ್ಪು ಕಾಲದ ಕುದುರೆ ಸಾಕಣೆಯ ಊರಾದ ಕುಣಿಗಲ್ಲಿನ ಭಾವಮೈದ ಸ್ಟಡ್ ಫಾರಂ ಭಾಷೆಯಲ್ಲಿ ಸಮಾಧಾನ ಹೇಳುತ್ತಾನೆ: “ತಳಿ ಒಳ್ಳೇದೇ ಬಿಡಿ ಭಾವ, ರೇಸಿಗೆ ಬಿಡಲ್ಲ ಅಷ್ಟೆ.”

ತಾತನ ಡಬಲ್ ಬ್ಯಾರಲ್ ಒಂದು, ಕೊಂಡ ಈ ತ್ರೀ ಒನ್ ಫೈವ್ ಒಂದು. ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಅಲ್ಲಿಗೆ ಲೆಕ್ಕ ಚುಕ್ತಾ.

ಇನ್ನು ಜೀರ್ಣೋದ್ಧಾರ. ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡುವಂತಿಲ್ಲ, ರಿಪೇರಿಗೆ ಲೈಸೆನ್ಸ್ ಇರುವ ಅಂಗಡಿಯೇ ಆಗಬೇಕು. ಉಳಿಯುವುದು ಮರದ ಹಿಡಿ ಒರೆಸುವ ಸೇವೆ. ತೆಂಗಿನ ಸೀಮೆಯವರಲ್ಲವೇ, ಮೊದಲು ಕೊಬ್ಬರಿ ಎಣ್ಣೆಯನ್ನೇ ಸವರುತ್ತಾರೆ. ಅದು ಒಣಗುವ ಜಾತಿಯದಲ್ಲ. ಜಿಡ್ಡಿಗೆ ಮನೆಯ ದೂಳೆಲ್ಲ ಬಂದು ಕೂರುತ್ತದೆ. ಆಮೇಲೆ ಅಗಸೆ ಎಣ್ಣೆ ಬರುತ್ತದೆ. ಗಾಳಿಗೆ ಒಣಗಿ ಗಟ್ಟಿಯಾಗುವ ಗುಣಕ್ಕಾಗಿಯೇ ಬ್ರಿಟಿಷ್ ಸೇನೆ ಅದನ್ನು ಬಳಸುತ್ತಿತ್ತು. ನಳಿಗೆಯೊಳಗೆ ಎಳೆದು ಒರೆಸಲು ಪುಲ್‌ತ್ರೂ ಹಗ್ಗ, ಅದಕ್ಕೆ ಚಿಂದಿ. “ರೀ, ಅದು ನನ್ನ ಹಳೇ ಸೀರೆ!” ಎಂಬ ಕೂಗು ಅಡುಗೆಮನೆಯಿಂದ ಬರುವಷ್ಟರಲ್ಲಿ ಸೆರಗು ಚಿಂದಿಯಾಗಿರುತ್ತದೆ.

ಹೊಳಪು ಬಂತು ಅನ್ನುವಾಗ ಚುನಾವಣೆ ಬರುತ್ತದೆ. ಠಾಣೆಗೆ ಬಂದೂಕು ಒಪ್ಪಿಸಿ ರಸೀದಿ ತರಬೇಕು. ಬಿದರೆಹಳ್ಳ ಕಾವಲಿನ ಎಚ್‌ಎಎಲ್ ಕಾರ್ಖಾನೆ 2023ರಲ್ಲಿ ಉದ್ಘಾಟನೆಯಾಗಿ ಗುಬ್ಬಿ ತಾಲ್ಲೂಕು ಹೆಲಿಕಾಪ್ಟರ್ ಯುಗಕ್ಕೆ ಬಂದರೂ ಸಾಹೇಬರು 1907ರಲ್ಲೇ ನಿಂತು, ಕಾನ್‌ಸ್ಟೇಬಲ್‌ಗೆ “ಗೋಡೆಗೆ ಒರಗಿಸಬೇಡಪ್ಪ, ಪಾಲಿಶ್ ಹೋಗುತ್ತೆ” ಎಂದು ಬೇಡುತ್ತಾರೆ.

ಕೊನೆಗೆ ಬೆಂಗಳೂರಿನ ರೇಂಜಿಗೆ ಹೋದರೆ ಕೋಚ್ ಕೈಗೆ ಕೊಡುವುದು ಏರ್ ರೈಫಲ್. 10 ಮೀಟರ್ ದೂರ. ಗುರಿಯ ನಟ್ಟನಡುವಿನ ಚುಕ್ಕಿ ಅರ್ಧ ಮಿಲಿಮೀಟರ್. ಪಕ್ಕದ ಲೇನಿನಲ್ಲಿ ಏಳನೇ ಕ್ಲಾಸಿನ ಹುಡುಗಿ ಹತ್ತರ ಮೇಲೆ ಹತ್ತು ಬಾರಿಸುತ್ತಿರುತ್ತಾಳೆ. ಸಾಹೇಬರ ಪೆಲೆಟ್ ಕಾಗದದ ಅಂಚು ಮುಟ್ಟಿದರೆ ಪುಣ್ಯ. “ಇದಕ್ಕೆ ತೂಕವೇ ಇಲ್ಲ!” ಎಂಬುದು ಅವರ ತೀರ್ಪು.

ಆದರೂ ಒಂದು ವಿಷಯದಲ್ಲಿ ಅವರನ್ನು ಮೆಚ್ಚಲೇಬೇಕು: ಕಾಗದಪತ್ರ ಚೊಕ್ಕ. ನಿಮ್ಮ ಅಟ್ಟದ ಮೇಲೂ ತಾತನ ಬಂದೂಕು ಇದ್ದೀತು. ಹೆಸರಿಗೆ ಲೈಸೆನ್ಸ್ ಇಲ್ಲದಿದ್ದರೆ ಅದನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧ. ತಡಮಾಡದೆ ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಿ, ಆಮೇಲೆ ಡಿ.ಸಿ. ಆಫೀಸಿಗೆ ಅರ್ಜಿ ಹಾಕಿ.